ಸಬ್ಬಸಗಿ ತಿನ್ನುವ ದೇಶ

ನನಗೆ ಸಬ್ಬಸಗಿ ಸೇರುವುದಿಲ್ಲ. ಬೈಲಹೊಂಗಲದ ಮನೆಯಲ್ಲಿ ಹುಟ್ಟಿ ಈ ಮಾತು ಆಡಬೇಕಾದರೆ ಸ್ವಲ್ಪ ಧೈರ್ಯ ಬೇಕು. ಚಳಿ ಶುರುವಾಯಿತೆಂದರೆ ನಮ್ಮ ಸಂತೆಯಲ್ಲಿ ತಟ್ಟು ಹಾಸಿಕೊಂಡು ಕೂತ ಪ್ರತಿ ಹೆಣ್ಣುಮಗಳ ಮುಂದೆಯೂ ಅದರ ಸೂಡುಗಳೇ. ಮೆಂತ್ಯ, ಹಕ್ಕರಕಿ, ರಾಜಗಿರಿ ಕೊಂಡವರ ಚೀಲದೊಳಗೆ ‘ಇದೊಂದು ಸೂಡು ಇರಲಿ ಬಿಡ್ರಿ’ ಎಂದು ಪುಕ್ಕಟೆ ತುರುಕುವಷ್ಟು ಅಗ್ಗ. ಮನೆಗೆ ಬಂದರೆ ಹೆಸರುಬೇಳೆಯ ಪಲ್ಯದಲ್ಲಿ ಅದು, ವಡೆಯಲ್ಲಿ ಅದು. ಮನೆಯಲ್ಲಿ ಬಾಣಂತಿ ಇದ್ದಳೆಂದರೆ ಕೇಳುವುದೇ ಬೇಡ. ಹಾಲು ಹೆಚ್ಚುತ್ತದೆಂದು ಮೂರು ಹೊತ್ತೂ ಅದೇ. ಅಕ್ಕಂದಿರ ಬಾಣಂತನಗಳ ನಡುವೆ ಬೆಳೆದ ನನಗೆ ಆ ಸೊಪ್ಪಿನ ವಾಸನೆ ಬಂದರೆ ತೊಟ್ಟಿಲು, ಬಜೆ, ಲೋಬಾನದ ಹೊಗೆ ಎಲ್ಲ ಒಮ್ಮೆಲೇ ಮೂಗಿಗೆ ಅಡರುತ್ತವೆ.

ನೌಕರಿ ಗೋವಾಕ್ಕೆ ವರ್ಗವಾದಾಗ ಬಳಗವೆಲ್ಲ ‘ಮೀನಿನ ವಾಸನಿ ತಡಕೊಳ್ಳೂದು ಹೆಂಗೋ ತಮ್ಮಾ’ ಎಂದು ಕನಿಕರಿಸಿತು. ನಾನು ಮಾತ್ರ ಸಬ್ಬಸಗಿಯ ಸೀಮೆ ದಾಟಿದೆನೆಂದು ಒಳಗೊಳಗೇ ಹಿಗ್ಗಿದೆ. ಮೋರ್ಜಿಮ್ ಹತ್ತಿರ ಬಾಡಿಗೆಮನೆ ಸಿಕ್ಕಿತು. ಸಾಮಾನು ಇಳಿಸಿ, ಸುಣ್ಣದ ವಾಸನೆ ಹೋಗಲೆಂದು ಕಿಟಕಿ ತೆರೆದೆ. ಪಕ್ಕದ ಮನೆಯ ಒಲೆಯ ಕಡೆಯಿಂದ ಬಾಣಂತಿಕೋಣೆ ತೇಲಿ ಬಂತು.

ಪಕ್ಕದ ಮನೆಯಲ್ಲಿ ಬಾಣಂತಿ ಯಾರೂ ಇರಲಿಲ್ಲ. ಐವತ್ತು ದಾಟಿದ ರಷ್ಯದ ಹೆಣ್ಣುಮಗಳೊಬ್ಬರಿದ್ದರು. ಮೋರ್ಜಿಮ್, ಅರಂಬೋಲ್ ಕಡೆ ಹೋದವರಿಗೆ ಗೊತ್ತು, ಅಲ್ಲಿ ಅಂಗಡಿಯ ಫಲಕ, ಹೋಟೆಲಿನ ತಿಂಡಿಪಟ್ಟಿ ಎಷ್ಟೋ ಕಡೆ ರಷ್ಯನ್ ಅಕ್ಷರದಲ್ಲೇ ಇರುತ್ತವೆ. ಅಕ್ಟೋಬರಿನಲ್ಲಿ ಬಂದು ಬಿಸಿಲು ಏರುವ ಹೊತ್ತಿಗೆ ಹೋಗುವವರೇ ಹೆಚ್ಚು. ಇವರಂತೆ ವರ್ಷಗಟ್ಟಲೆ ಉಳಿದುಬಿಟ್ಟವರೂ ಇದ್ದಾರೆ. ನಾವು ಅವರನ್ನು ‘ಬಾಯಾರು’ ಎಂದೇ ಕರೆಯುತ್ತಿದ್ದೆವು. ಅವರು ಸಬ್ಬಸಗಿಯನ್ನು ಬೇಯಿಸುವುದೂ ಇಲ್ಲ, ಹಸಿಯದನ್ನೇ ಸಣ್ಣಗೆ ಹೆಚ್ಚಿ ಬಟಾಟಿಯ ಮೇಲೆ, ತತ್ತಿಯ ಮೇಲೆ, ಸಾರಿನ ಮೇಲೆ, ಸವತೆಕಾಯಿಯ ಮೇಲೆ ಉದುರಿಸುತ್ತಾರೆ. ನನ್ನ ಅವ್ವ ಮೊದಲ ಸಲ ಬಂದವಳು ಇದನ್ನು ನೋಡಿ ನನ್ನ ಕಿವಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಈ ವಯಸ್ಸಿನಾಗ ಹಡದಾಳೇನೋ ಅಕಿ?”

ಆ ಸೊಪ್ಪು ಬರುತ್ತಿದ್ದದ್ದು ಎಲ್ಲಿಂದ? ನಮ್ಮ ಕಡೆಯಿಂದಲೇ. ಗೋವಾದ ಕಾಯಿಪಲ್ಲೆಯ ಬಹುಪಾಲು ಬೆಳಗಾವಿಯಿಂದ ಹೋಗುತ್ತದೆ. ರಾತ್ರಿ ಹೇರಿದ ಗಾಡಿಗಳು ಚೋರ್ಲಾ ಘಟ್ಟ ಇಳಿದು ಬೆಳಗಾಗುವುದರೊಳಗೆ ಮಾಪುಸಾ ಮುಟ್ಟುತ್ತವೆ. ಮಳೆಗಾಲದಲ್ಲಿ ಘಟ್ಟದ ಮಣ್ಣು ಕುಸಿದು ದಾರಿ ನಿಂತರೆ ಅಲ್ಲಿ ಟೊಮೆಟೊ ದರ ಏರುತ್ತದೆ. ನನ್ನ ಸೋದರಮಾವನ ಮಗನೊಬ್ಬ ಕಿತ್ತೂರಿನವ, ಇಂಥದೇ ಗಾಡಿ ಹೊಡೆಯುತ್ತಾನೆ. ಬೀಟ್‌ರೂಟು, ಗಜ್ಜರಿ, ಬಟಾಟಿ, ಕೋಸು. ರಷ್ಯದವರ ಕೆಂಪು ಸಾರು ಬೋರ್ಶ್‌ಗೆ ಬೇಕಾದದ್ದೆಲ್ಲ ಅವನ ಗಾಡಿಯಲ್ಲೇ ಇರುತ್ತದೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಅವನ ಪಂಚಾಂಗವೇ ಬೇರೆ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ಅಕ್ಟೋಬರ್ 23ನ್ನು ನೆನೆದು ಕಿತ್ತೂರು ಉತ್ಸವ ಮಾಡುತ್ತಾರಲ್ಲ, ಅದು ಅವನಿಗೆ ವ್ಯಾಪಾರದ ಗುರುತು. “ಅಣ್ಣಾ, ಉತ್ಸವ ಮುಗೀತಂದ್ರ ನೋಡು, ಸಬ್ಬಸಗಿಗೆ ಗಿರಾಕಿ ಶುರು. ಇಲ್ಲಿ ಸೂಡು ಐದಕ್ಕ ಕೇಳೋರಿಲ್ಲ, ಅಲ್ಲಿ ಮೂವತ್ತಕ್ಕ ಜಗಳಾಡಿ ಒಯ್ತಾರ.” ರಷ್ಯವೆಂದರೆ ಸಬ್ಬಸಗಿ ತಿನ್ನುವ ದೇಶ. ಅದರ ಬಗ್ಗೆ ಅವನಿಗೆ ಬೇರೆ ಯಾವ ತಿಳಿವಳಿಕೆಯೂ ಬೇಕಿರಲಿಲ್ಲ.

ಬೇರೆಯವರ ಹಂಬಲವನ್ನು ನೋಡಿ ನಗುವ ಯೋಗ್ಯತೆ ನನಗೆ ಎಲ್ಲಿಯದು! ನನ್ನ ಹಂಬಲ ಖಡಕ್ ರೊಟ್ಟಿಯದಾಗಿತ್ತು. ಅವ್ವ ಬಿಳಿಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಒಲೆಯ ಮಗ್ಗುಲಿಗೆ ನಿಲ್ಲಿಸಿ ಒಣಗಿಸಿ, ಬಿಳಿ ಅರಿವೆಯಲ್ಲಿ ಕಟ್ಟಿ ಕಾಯಿಪಲ್ಲೆಯ ಗಾಡಿಗೆ ಹಾಕಿ ಕಳಿಸುತ್ತಿದ್ದಳು. ಕಿತ್ತೂರು ಬಿಡುವಾಗ ಮುರಿದರೆ ಟಣ್ಣೆನ್ನುವ ರೊಟ್ಟಿ ಮೋರ್ಜಿಮ್‌ಗೆ ಬಂದು ಒಂದು ರಾತ್ರಿ ಕಳೆದರೆ ಸಾಕು, ಮಡಚಿದರೂ ಮುರಿಯದು. ಸಮುದ್ರದ ಗಾಳಿಗೆ ಜೋಳದ ಮೇಲೆ ಯಾವ ಜನ್ಮದ ಹಗೆಯೋ. ಸ್ಟೀಲಿನ ಡಬ್ಬಿ, ಪ್ಲಾಸ್ಟಿಕ್ ಚೀಲ, ಅಕ್ಕಿಯೊಳಗೆ ಹೂಳುವುದು, ಬಿಸಿಲಿಗೆ ಹಾಕುವುದು, ತವೆಯ ಮೇಲೆ ಮತ್ತೆ ಸುಡುವುದು, ಎಲ್ಲ ಮಾಡಿದೆ. ತವೆಯ ಮೇಲಿದ್ದಾಗ ಗಟ್ಟಿ, ತಾಟಿಗೆ ಬಂದು ಬದನೆಕಾಯಿ ಎಣ್ಣೆಗಾಯಿ ಹಾಕಿಕೊಳ್ಳುವುದರೊಳಗೆ ಮೆತ್ತಗೆ. ಅಲ್ಲಿನ ಅಂಗಡಿಯ ಜೋಳದ ಹಿಟ್ಟು ತಂದರೆ ಯಾವ ಕಾಲದಲ್ಲಿ ಬೀಸಿದ್ದೋ, ಎಷ್ಟು ಎಸರು ಹೊಯ್ದು ನಾದಿದರೂ ಬಡಿಯುವಾಗ ಅಂಚು ಸೀಳುತ್ತಿತ್ತು. ಮನೆಯವಳು ಬಿಸ್ಕೂಟು ಮುರಿದು ಶೇಂಗಾ ಚಟ್ನಿಯೊಳಗೆ ಅದ್ದಿ ತಿನ್ನುತ್ತಿದ್ದ ನನ್ನನ್ನು ಹಿಡಿದದ್ದೂ ಉಂಟು. ನೆಲಕ್ಕೆ ಬಿದ್ದರೆ ಸದ್ದಾಗುವ ಯಾವ ತಿನಿಸೂ ಆ ದಿನಗಳಲ್ಲಿ ನನ್ನ ಕೈಯಿಂದ ಪಾರಾಗಲಿಲ್ಲ.

ಅವ್ವ ಬಂದಾಗಲೆಲ್ಲ ಅವಳಿಗೂ ಬಾಯಾರಿಗೂ ಮಾತು ನಡೆಯುತ್ತಿತ್ತು. ಅವ್ವನದು ಶುದ್ಧ ಹೊಂಗಲದ ಮಾತು. ಅವರದು ರಷ್ಯನ್, ನಡುನಡುವೆ ಮಾಪುಸಾ ಬಜಾರಿನ ಹಿಂದಿ. ಇಬ್ಬರಿಗೂ ಅರ್ಥವಾಗುತ್ತಿದ್ದದ್ದು ಕೈಯಲ್ಲಿ ಹಿಡಿದ ವಸ್ತು ಮಾತ್ರ. ಅವ್ವ “ತಂಗೀ, ಇದರ ವಾಸನಿ ನೋಡು” ಎಂದು ಮೂಗಿನ ಹತ್ತಿರ ಹಿಡಿಯುವುದು, ಅವರು ಕಣ್ಣು ಮುಚ್ಚಿ ಮೂಸಿ, ಹೌದೆಂದೋ ಅಲ್ಲವೆಂದೋ ತಲೆಯಾಡಿಸುವುದು. ಅವರು ತಮ್ಮೂರಿನ ಹುಳಿಸೊಪ್ಪೊಂದನ್ನು ಹಾಕಿ ಹಸಿರು ಸಾರು ಮಾಡುತ್ತಿದ್ದರಂತೆ; ಆ ಸೊಪ್ಪು ಇಲ್ಲಿ ಸಿಗದೆ ಪಾಲಕಿಗೆ ಲಿಂಬಿಹಣ್ಣು ಹಿಂಡಿ ನೋಡಿದ್ದರು, ಸಮಾಧಾನವಾಗಿರಲಿಲ್ಲ. ಅವ್ವ ಚೀಲದಿಂದ ಪುಂಡಿ ಸೊಪ್ಪು ತೆಗೆದು ಒಂದು ಎಲೆ ಅವರ ಬಾಯಿಗಿಟ್ಟಳು. ಅಗಿದರು, ನಿಂತರು, ಇನ್ನೊಂದು ಎಲೆ ಕೇಳಿದರು. ಅವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿದ ಪುಂಡಿಪಲ್ಯ. ಗೋಡೆಯಾಚೆ ಅದೇ ಪುಂಡಿಯ ಹಸಿರು ಸಾರು. ಸಾರಿನ ಬಟ್ಟಲು ತಂದು ತೋರಿಸಿದರು. ನಡುವೆ ಅರ್ಧ ಕುದಿಸಿದ ತತ್ತಿ ಕಣ್ಣು ಬಿಟ್ಟುಕೊಂಡು ಕೂತಿತ್ತು. ಲಿಂಗ ಕಟ್ಟಿದ ನನ್ನವ್ವ ಎರಡು ಹೆಜ್ಜೆ ಹಿಂದೆ ಸರಿದು, “ಪುಂಡಿ ಮರ್ಯಾದಿ ಕಳದೆಲ್ಲ ತಂಗೀ” ಎಂದಳು. ಹಾಗೆಂದವಳು ಮುಂದಿನ ಸಲ ತರುವಾಗ ಎರಡು ಸೂಡು ಹೆಚ್ಚಿಗೇ ತಂದಳು.

ಹಾಲಿನ ವ್ಯವಹಾರ ಸುಲಭವಾಗಿ ಮುಗಿಯಿತು. ಅವರಿಗೆ ಬೇಕಿದ್ದದ್ದು ತ್ವೋರೊಗ್ ಎನ್ನುವ ಪುಡಿಪುಡಿ ಗಿಣ್ಣು. ಪನೀರು ಸಪ್ಪೆ ಎನ್ನುತ್ತಿದ್ದರು. ಶ್ರೀಖಂಡಕ್ಕೆಂದು ಅವ್ವ ಕಟ್ಟಿ ತೂಗುಹಾಕಿದ್ದ ಚಕ್ಕಾ ನೋಡಿದ್ದೇ ತಡ, ಅರ್ಧ ಕಡ ಒಯ್ದರು. ಹುಳಿಕೆನೆಯ ಜಾಗಕ್ಕೆ ಎಮ್ಮೆಯ ಕೆನೆಮೊಸರು ಬಂತು. ನಮ್ಮ ರವೆಯ ಗಂಜಿ ಅವರಿಗೆ ಕೂಸಿದ್ದಾಗಿನಿಂದ ಗೊತ್ತು. ಅಲ್ಲಿ ಎಲ್ಲ ಮಕ್ಕಳೂ ಮುಖ ಸಿಂಡರಿಸಿಕೊಂಡು ತಿನ್ನುವುದು ಅದನ್ನೇ ಅಂತೆ.

ಎಣ್ಣೆಯ ವಿಷಯ ಮಾತ್ರ ಸ್ವಲ್ಪ ದೂರ ಹೋಯಿತು. ಒಂದು ದಿನ ಬಾಯಾರು ನಮ್ಮ ಅಡಿಗೆಮನೆಯಲ್ಲಿದ್ದ ಸೂರ್ಯಕಾಂತಿ ಎಣ್ಣೆಯ ಪಾಕೀಟು ಹಿಡಿದು, ಮೂಸಿ, ಇದು ನೀರು ಎಂಬರ್ಥ ಬರುವಂತೆ ಕೈ ಕೊಡವಿದರು. ಅವರೂರಲ್ಲಿ ಗಾಣದಿಂದ ಬಂದ ಹಸಿ ಎಣ್ಣೆಗೆ ಹುರಿದ ಬೀಜದ ವಾಸನೆ ಇರುತ್ತದೆ. ಅದನ್ನು ಹಸಿಯ ಕಾಯಿಪಲ್ಲೆಯ ಮೇಲೆ ಸುರಿದುಕೊಳ್ಳುತ್ತಾರೆ. ಅವ್ವನಿಗೆ ಹಿಗ್ಗೋ ಹಿಗ್ಗು. “ನಾ ಮೂವತ್ತು ವರ್ಷದಿಂದ ಇದನ್ನ ಹೇಳಾಕತ್ತೇನಿ, ಒಬ್ರೂ ಕೇಳಿಲ್ಲ!” ಎಂದಳು. ಅವ್ವ ರಾಮದುರ್ಗದ ಕಡೆಯ ಮಗಳು. ಅವಳ ತವರಿನ ಎರೆಹೊಲದಲ್ಲಿ ಜೋಳದ ನಡುವೆ ಅಕ್ಕಡಿ ಸಾಲಿನಲ್ಲಿ ಅಗಸಿ, ಬದುವಿನ ಗುಂಟ ದನ ಒಳಗೆ ಬರದಂತೆ ಮುಳ್ಳಿನ ಕುಸುಬಿ. ಮನೆಯ ಎಣ್ಣೆಯೆಂದರೆ ಕುಸುಬಿ ಎಣ್ಣೆ. ಆಮೇಲೆ ಎಲ್ಲಿಂದಲೋ ಸೂರ್ಯಪಾನ ಬಂತು. ನಮ್ಮ ಕಡೆ ಸೂರ್ಯಕಾಂತಿಗೆ ಹಾಗೇ ಅನ್ನುವುದು. ಹೊಲಕ್ಕೆ ಹೊಲವೇ ಹಳದಿಯಾಯಿತು; ಅಜ್ಜಿಯ ಊರಿಗೆ ಹೋದಾಗ ಗಿಳಿ ಓಡಿಸಲು ಡಬ್ಬಿ ಬಡಿಯುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಕುಸುಬಿಯ ಮುಳ್ಳಿಗೆ ಹೆದರಿದ ಆಳುಗಳು ಇದನ್ನು ಖುಷಿಯಿಂದ ಕೊಯ್ದರು. ಗಾಣ ನಿಂತವು, ಪಾಕೀಟು ಬಂತು.

ಆ ಎಲ್ಲಿಂದಲೋ ಎನ್ನುವುದು ಎಲ್ಲಿಂದ ಎಂದು ಆಮೇಲೆ ಓದಿ ತಿಳಿದೆ. ಸೂರ್ಯಪಾನದ ಹುಟ್ಟೂರು ಅಮೆರಿಕ. ಅದನ್ನು ಎಣ್ಣೆಯ ಬೆಳೆಯಾಗಿ ಸಾಕಿ ಬೆಳೆಸಿದವರು ರಷ್ಯದವರು. ಎಣ್ಣೆಗೆಂದೇ ಬೆಳೆಯುವ ತಳಿಗಳು ಭಾರತಕ್ಕೆ 1969ರಲ್ಲಿ ಸೋವಿಯತ್ ರಷ್ಯದಿಂದ ಬಂದವು. ಕರ್ನಾಟಕ ಅದನ್ನು ಹೆಚ್ಚು ಬೆಳೆಯುವ ರಾಜ್ಯವಾಯಿತು. ಅಂದರೆ ಅವ್ವನ ಕುಸುಬಿಯನ್ನು ಬದುವಿನಿಂದ ಎಬ್ಬಿಸಿದ್ದು ಈ ಬಾಯಾರ ದೇಶದ ಬೀಜ. ಇದನ್ನು ನಾನು ಇಬ್ಬರಿಗೂ ವಿವರಿಸಲು ಹೋದೆ. ಯಾರೂ ಕಿವಿಗೊಡಲಿಲ್ಲ. ಅವ್ವ ಊರಿನಿಂದ ತರಿಸಿದ ಗಾಣದ ಕುಸುಬಿ ಎಣ್ಣೆಯನ್ನು ಬಟ್ಟಲಿಗೆ ಸುರಿಯುತ್ತಿದ್ದಳು, ಅವರು ಟೊಮೆಟೊ ಹೆಚ್ಚುತ್ತಿದ್ದರು. ಎಣ್ಣೆ ಅವರಿಗೆ ಒಪ್ಪಿಗೆಯಾಯಿತು. ಪೂರ್ತಿ ಅಲ್ಲ, ಹೆಬ್ಬೆರಳು ತೋರುಬೆರಳು ಸೇರಿಸಿ ಇಷ್ಟು ಕಡಿಮೆ ಎಂದು ತೋರಿಸಿದರು. ಅಗಸಿ ಚಟ್ನಿಪುಡಿಯನ್ನು ಕೆನೆಮೊಸರಿಗೆ ಕಲಸಿಕೊಂಡು ತಿಂದಾಗ ಮಾತ್ರ ಯಾವ ಬೆರಳೂ ತೋರಿಸಲಿಲ್ಲ. ಅಗಸಿಯ ವಿಷಯದಲ್ಲಿ ಅವರ ದೇಶವೂ ಹಳೆಯ ಕೈ.

ಅವ್ವನಿಗೆ ಬದಲಿ ಪದಾರ್ಥಗಳ ಬಗ್ಗೆ ಇಷ್ಟು ಸಲೀಸು ಎಲ್ಲಿಂದ ಬಂತೆಂದು ನಾನು ಯೋಚಿಸಿದ್ದುಂಟು. ಅವಳು 1972ರ ಬರ ಕಂಡವಳು. ಆಗ ರೇಶನ್ನಿನಲ್ಲಿ ಅಮೆರಿಕದ ಕೆಂಪುಜೋಳ ಕೊಡುತ್ತಿದ್ದರು, ಮೈಲೋ ಎನ್ನುತ್ತಿದ್ದರು. ಆ ದೇಶದಲ್ಲಿ ದನಕ್ಕೆ ಹಾಕುವ ಕಾಳು. ರೊಟ್ಟಿ ಬಡಿದರೆ ಬಣ್ಣ ಒಂದು ತರಹ, ವಾಸನೆ ಇನ್ನೊಂದು ತರಹ, ಕೈಗೆ ಜಿಗಿಯೇ ಇಲ್ಲ. ಮನೆಯಲ್ಲಿ ಉಳಿದಿದ್ದ ಬಿಳಿಜೋಳದ ಹಿಟ್ಟನ್ನು ಮುಷ್ಟಿಮುಷ್ಟಿ ಬೆರೆಸಿ ಅಜ್ಜಿ ರೊಟ್ಟಿ ಮಾಡುತ್ತಿದ್ದಳಂತೆ. ಮಕ್ಕಳು ಅತ್ತರೆ ಮೇಲೊಂದಿಷ್ಟು ಗುರೆಳ್ಳು ಚಟ್ನಿ. ಮೈಲೋದ ಕತೆಯನ್ನು ಅವ್ವ ದುಃಖದಿಂದ ಹೇಳುವುದಿಲ್ಲ, ತವರಿನ ಒಬ್ಬ ಒರಟು ನೆಂಟನ ಬಗ್ಗೆ ಹೇಳುವ ಧಾಟಿಯಲ್ಲಿ ಹೇಳುತ್ತಾಳೆ. ನಾನೋ, ರೊಟ್ಟಿ ಮೆತ್ತಗಾಯಿತೆಂದು ಒಂದು ಪ್ರಬಂಧ ಬರೆಯುತ್ತಿದ್ದೇನೆ.

ರಷ್ಯದವರಿಗೂ ನಮ್ಮ ನಾಡಿನ ಊಟ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಟ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆ ಹಿಡಿದುಕೊಂಡು ಸಮುದ್ರ ದಾಟಿ ಬಂದು, ಬಹಮನಿಗಳ ಬೀದರಿನಲ್ಲಿ ಬಹಳ ಕಾಲ ಇದ್ದ. ಅವನ ಬರಹದಲ್ಲಿ ಕಿಚಡಿ ಬರುತ್ತದೆ. ಅದನ್ನು ಇಲ್ಲಿನವರು ಸಕ್ಕರೆ, ಜಿಡ್ಡು ಬೆರೆಸಿ ಕುದುರೆಗೂ ತಿನ್ನಿಸುತ್ತಾರೆಂದು ಬರೆದಿದ್ದಾನೆ. ದಾರಿಯಲ್ಲಿ ಪುಸ್ತಕಗಳು ಲೂಟಿಯಾಗಿ ತನ್ನ ಹಬ್ಬಗಳ ಲೆಕ್ಕವೇ ತಪ್ಪಿತೆಂದು ಕೊರಗಿದ್ದಾನೆ. ಉಪವಾಸವನ್ನು ಸುತ್ತಲಿನ ಮುಸಲ್ಮಾನರ ಜೊತೆಗೆ ಹಿಡಿದನಂತೆ. ಕಾಯಿಪಲ್ಲೆಯ ಗಾಡಿ ಇಲ್ಲ, ಅವ್ವ ಇಲ್ಲ, ಏನು ತಿಂದನೋ ಪಾಪ. ಮರಳುವಾಗ ಊರು ಮುಟ್ಟುವ ಮೊದಲೇ ಸ್ಮೋಲೆನ್‌ಸ್ಕ್ ಹತ್ತಿರ ತೀರಿಕೊಂಡ. ಅವನಿಗೆ ಬೀದರಿನಲ್ಲಿ ಯಾರಾದರೂ ಒಂದು ಎಲೆ ಪುಂಡಿ ಬಾಯಿಗಿಟ್ಟಿದ್ದರೋ ಇಲ್ಲವೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ಸಂಕ್ರಾಂತಿಗೆ ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಳಿಸಿದಳು. ಬಾಯಾರು ಅದನ್ನು ಮುರಿದು ನೋಡಿ, ಬೆಣ್ಣೆ ಸವರಿ, ಮೇಲೆ ಉಪ್ಪು ಉದುರಿಸಿ, ಕಿಟಕಿಯ ಕಡೆ ಮುಖ ಮಾಡಿಕೊಂಡು ತಿಂದರು. ಅವರ ದೇಶದ ಕರಿಯ ಬ್ರೆಡ್ಡು ರೈ ಎಂಬ ಕಾಳಿನದು, ಕೆಲವು ಬಗೆಗಳ ಮೇಲೆ ಕೊತ್ತಂಬರಿ ಬೀಜ ಒತ್ತಿರುತ್ತಾರೆ. ಸಜ್ಜಿಯ ಸಣ್ಣ ಕಹಿಯಲ್ಲಿ ಅವರಿಗೆ ಅದು ಸಿಕ್ಕಿತು. ಆಮೇಲೆ ನಡೆದದ್ದೇ ನನಗೆ ವಿಶೇಷ. ಗಾಳಿಗೆ ಮೆತ್ತಗಾದ ನನ್ನ ಜೋಳದ ರೊಟ್ಟಿಗಳು ಕಸದ ಬುಟ್ಟಿಯ ದಾರಿ ಹಿಡಿದಿದ್ದನ್ನು ಕಂಡು ಎರಡೂ ಕೈಯಿಂದ ಅಡ್ಡಹಾಕಿದರು. ಸಜ್ಜಿಯದು, ಜೋಳದ್ದು ಎಲ್ಲ ಕೂಡಿಸಿ ತವೆಯ ಮೇಲೆ ಕರ್ರಗೆ ಹುರಿದು, ಬಿಸಿನೀರಿಗೆ ಹಾಕಿ, ಸಕ್ಕರೆ, ನಾಲ್ಕು ಒಣದ್ರಾಕ್ಷಿ ಸೇರಿಸಿ ಗಡಿಗೆಯ ಬಾಯಿ ಕಟ್ಟಿಟ್ಟರು. ಹುಳಿ ಬಂದಾಗ ಸೋಸಿದರೆ ಕಂದು ಬಣ್ಣದ ಪಾನೀಯ. ಕ್ವಾಸ್! ಅವರಲ್ಲಿ ಬೇಸಿಗೆಗೆ ಅದನ್ನೇ ಕುಡಿಯುವುದು. ಅದರೊಳಗೆ ಸವತೆಕಾಯಿ, ಕುದಿಸಿದ ಬಟಾಟಿ, ಮತ್ತೆ ಅದೇ ಹಾಳು ಸಬ್ಬಸಗಿ ಹೆಚ್ಚಿ ಹಾಕಿದರೆ ತಣ್ಣನೆಯ ಸಾರು. ಅವ್ವ ಒಂದು ಗುಟುಕು ಕುಡಿದು ತೀರ್ಪು ಕೊಟ್ಟಳು: “ಅಂಬಲಿ ಹುಳತರ ಹಿಂಗ ಆಗ್ತೈತಿ. ಇದಕ್ಕ ಸಕ್ರಿ ಯಾಕ ಹಾಕೂದು, ಉಳ್ಳಾಗಡ್ಡಿ ಕಡಕೊಂಡು ಕುಡೀಬೇಕು.” ಬಾಯಾರು ಉಳ್ಳಾಗಡ್ಡಿ ಕಡಿದುಕೊಂಡು ಕುಡಿದರು. ರೊಟ್ಟಿ ಮೆತ್ತಗಾಗುವ ಬಗ್ಗೆ ನನ್ನ ಗೋಳು ಅಂದಿಗೆ ಅರ್ಧ ಇಳಿಯಿತು. ಕೆಡಲೆಂದೇ ಹೆಚ್ಚಿಗೆ ತರಿಸತೊಡಗಿದೆ.

2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಮಾರ್ಚ್ ತಿಂಗಳಲ್ಲಿ ರಷ್ಯದ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡುಗಳು ಹೊರದೇಶಗಳಲ್ಲಿ ನಿಂತವು. ಬಾಯಾರ ಪೇಟೆಯ ಓಡಾಟ ಕಡಿಮೆಯಾಯಿತು, ನಗುವುದು ಇನ್ನೂ ಕಡಿಮೆ. ಅವರ ನೆಂಟರು ಗಡಿಯ ಎರಡೂ ಬದಿಗಿದ್ದಾರೆಂದು ಅಷ್ಟು ದಿನದ ಮೇಲೆ ನಮಗೆ ತಿಳಿಯಿತು. ಇತ್ತ ಬೈಲಹೊಂಗಲದಲ್ಲಿ ಸೂರ್ಯಪಾನದ ಎಣ್ಣೆ ದರ ಏರಿತು. ನಮ್ಮ ದೇಶಕ್ಕೆ ಆ ಎಣ್ಣೆ ಹೆಚ್ಚಾಗಿ ಬರುವುದು ಅವರ ಕಪ್ಪುಸಮುದ್ರದ ಕಡೆಯಿಂದಲೇ. ಅವ್ವ ಫೋನಿನಲ್ಲಿ, “ಎಲ್ಲೋ ಹೊಡದಾಡ್ತಾರ, ನನ್ನ ಭಜಿ ಬಾಣಲಿ ಖಾಲಿ ಆಗೇತಿ. ಗಾಣದವನ ಕಡೀಂದ ಕುಸುಬಿ ಎಣ್ಣಿ ತಂದೇನಿ” ಎಂದಳು. ನಂತರ ದನಿ ತಗ್ಗಿಸಿ, “ಆ ತಂಗಿ ಹೆಂಗದಾಳ? ಉಣ್ಣಾಕತ್ತಾಳಿಲ್ಲೋ?” ಎಂದು ಕೇಳಿದಳು.

ಅವರು ಹೊಟ್ಟೆ ತುಂಬ ಉಣ್ಣುತ್ತಿರಲಿಲ್ಲ. ಅದಕ್ಕೆ ಅವ್ವ ಮುಂದಿನ ಗಾಡಿಗೆ ತಾನೇ ಹತ್ತಿ ಬಂದಳು. ಬನದ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಹೋದಾಗ ಮೂರು ಕಲ್ಲು ಹೂಡಿ, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಯಲ್ಲಮ್ಮನ ಎಡೆಗೆ ಕಡುಬು ಮಾಡುತ್ತಾಳಲ್ಲ, ಅದೇ ಕಡುಬನ್ನು ಮೋರ್ಜಿಮ್‌ನ ಗ್ಯಾಸಿನ ಒಲೆಯ ಮೇಲೆ ಮಾಡಿದಳು. ಬಾಯಾರು ಕಡುಬಿನ ಆಕಾರ ಕಂಡು ಚಮಚದಿಂದ ಬಿಡಿಸಿ ನೋಡಿದರು, ಒಳಗೆ ಹೂರಣ. ಅವರ ವರೇನಿಕಿಯೊಳಗೆ ಬಟಾಟಿ ಇರುತ್ತದೆ, ತ್ವೋರೊಗ್ ಇರುತ್ತದೆ. ಬೆಲ್ಲ ಬೇಳೆ ನಿರೀಕ್ಷಿಸಿರಲಿಲ್ಲ. ಮರುದಿನ ಚಕ್ಕಾ ತುಂಬಿ ಅವರೇ ಮಾಡಿದರು. ಇಬ್ಬರೂ ಎದುರುಬದುರು ಕೂತು ಅಂಚು ಒತ್ತುತ್ತಿದ್ದರು; ಅವ್ವನದು ನೆರಿಗೆ, ಅವರದೂ ನೆರಿಗೆ, ಯಾರದು ಚೆಂದವೆಂದು ನನ್ನನ್ನು ಕೇಳಿದಾಗ ನಾನು ಕೆಲಸ ನೆನಪಾಯಿತೆಂದು ಎದ್ದುಹೋದೆ. ಮೇ ತಿಂಗಳಲ್ಲಿ ಸೋದರಮಾವನ ಮಗ ಕಿತ್ತೂರಿನ ಪಡುವಣ ಕಾಡಂಚಿನಿಂದ ಕವಳಿ ಹಣ್ಣು ತಂದುಕೊಟ್ಟ. ಬಾಯಾರು ಅದನ್ನು ಸಕ್ಕರೆಯಲ್ಲಿ ಕುದಿಸಿ, ಚಹದ ಜೊತೆ ಚಮಚದಲ್ಲಿ ತಿನ್ನುವ ಪಾಕ ಮಾಡಿ ಶೀಶೆಗಳಲ್ಲಿ ತುಂಬಿಟ್ಟರು. ಒಂದು ಶೀಶೆ ನಮಗೂ ಬಂತು. ಚೆನ್ನಾಗಿತ್ತು. ಸಬ್ಬಸಗಿ ಇಲ್ಲದ ರಷ್ಯದ ತಿನಿಸು ಅದೊಂದೇ ಇರಬೇಕು.

ಸೋತದ್ದು ಒಂದೇ ಕಡೆ. ಗ್ರೇಚ್ಕಾ ಎಂಬ ಮೂರು ಮೂಲೆಯ ಕಂದು ಕಾಳು ಅವರಿಗೆ ನಮ್ಮ ಜೋಳವಿದ್ದಷ್ಟು ಹತ್ತಿರ. ಊರಿಂದ ಬರುವವರ ಪೆಟ್ಟಿಗೆಯಲ್ಲಿ ಅದು ಬರುತ್ತಿತ್ತು. ಬರುವವರು ನಿಂತಾಗ ಡಬ್ಬಿ ಬರಿದಾಯಿತು. ಉತ್ತರದ ಮಂದಿ ನವರಾತ್ರಿ ಉಪವಾಸಕ್ಕೆ ತಿನ್ನುವ ಕುಟ್ಟು ಅದೇ ಕಾಳು, ಆದರೆ ನಮಗೆ ಪೇಟೆಯಲ್ಲಿ ಸಿಕ್ಕಿದ್ದು ಹಿಟ್ಟು; ಅವರಿಗೆ ಬೇಕಾದದ್ದು ಹುರಿದ ಇಡೀ ಕಾಳು, ಅನ್ನದ ಹಾಗೆ ಬಿಡಿಬಿಡಿಯಾಗಿ ಬೇಯಬೇಕು. ಅವ್ವ ಪಣ ತೊಟ್ಟಳು. ನವಣೆ ಕಳಿಸಿದಳು, ಬೆರಳಿನಿಂದ ಇಷ್ಟು ಕಡಿಮೆ ಎಂದರು. ಸಾವೆ ಕಳಿಸಿದಳು, ಎರಡು ಬೆರಳಿನ ನಡುವಿನ ಅಂತರ ಇನ್ನೂ ಅಗಲವಾಯಿತು. ರಾಮದುರ್ಗದ ತವರಿನಿಂದ ಬರಗು ಹುಡುಕಿಸಿ ಕಳಿಸಿದಾಗ ಬಾಯಾರು ಚೀಲ ಬಿಚ್ಚುತ್ತಲೇ ಕುಣಿದರು. ಬರಗು ಅವರಲ್ಲೂ ಇದೆ, ಕುಂಬಳಕಾಯಿ ಹಾಕಿ ಹಾಲಿನಲ್ಲಿ ಬೇಯಿಸುತ್ತಾರೆ, ನಮಗೂ ಮಾಡಿ ಉಣಿಸಿದರು. ಆದರೆ ಅದು ಬರಗು, ಗ್ರೇಚ್ಕಾ ಅಲ್ಲ.

ಆದ್ದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಓದುಗರಲ್ಲಿ ನನ್ನದೊಂದು ಬಿನ್ನಹ. ಬೇಯಿಸಿದರೆ ಬಿಡಿಬಿಡಿಯಾಗುವ, ಹುರಿದ ವಾಸನೆಯ, ಸಣ್ಣ ಕಹಿಯಿರುವ ಕಾಳು ನಿಮ್ಮ ಹೊಲದಲ್ಲೋ, ಅಜ್ಜಿಯ ಹಗೇವಿನಲ್ಲೋ ಇದ್ದರೆ ಒಂದು ಸೇರು ಕಳಿಸಿಕೊಡಿ. ಗಾಡಿಯ ಬಾಡಿಗೆ ನನ್ನದು. ನವಣೆ, ಸಾವೆ, ಬರಗು ನೋಡಿ ಆಗಿದೆ, ಅವು ಬೇಡ.